ಅಪ್ಪ-ಅಮ್ಮನಿಗೆ ದ್ವೀಪ ಸುತ್ತಾಟದ ಉಡುಗೊರೆ: ಪ್ಲಾನ್ ಮಾಡುವುದು ಹೇಗೆ?

ಅಪ್ಪ-ಅಮ್ಮನ ಮದುವೆಗೆ 40 ವರ್ಷ ತುಂಬುವುದರಲ್ಲಿತ್ತು. ನಾನು ಭಾರಿ ಹುರುಪಿನಲ್ಲಿ ಗ್ರೀಸ್‌ನ ನಕ್ಷೆ ಹರಡಿಕೊಂಡು ಕೂತು, 8 ದಿನಕ್ಕೆ 4 ದ್ವೀಪ ಬರೆದೆ. ಮಿಕೊನೊಸ್, ಪಾರೊಸ್, ನಾಕ್ಸೊಸ್, ಸ್ಯಾಂಟೊರಿನಿ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದರಲ್ಲಿ ನಾವು ಕೂತ್ಕೊಳ್ಳೋದು ಯಾವಾಗ?"

ಲೆಕ್ಕ ಹಾಕಿ ನೋಡಿದೆ. ಹೋಗಿ ಬರುವುದೂ ಸೇರಿ 5 ಸಲ ಸಮುದ್ರ ದಾಟಬೇಕಿತ್ತು. ಅಂದರೆ 8 ದಿನದಲ್ಲಿ 5 ದಿನ ಪೆಟ್ಟಿಗೆ ಕಟ್ಟುವ ಕೆಲಸ.

ಮೊದಲು ದಾಟುವ ದಿನ ಎಣಿಸಿ

ನಕ್ಷೆಯಲ್ಲಿ ಪಾರೊಸ್ ಮತ್ತು ನಾಕ್ಸೊಸ್ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ಹಡಗಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಆದರೆ ಆ ಒಂದು ಗಂಟೆ ಅರ್ಧ ದಿನವನ್ನೇ ನುಂಗುತ್ತದೆ. ಬೆಳಿಗ್ಗೆ ರೂಮು ಖಾಲಿ ಮಾಡಬೇಕು, ಬಂದರಿಗೆ ಬೇಗ ಹೋಗಿ ಬಿಸಿಲಲ್ಲಿ ಕಾಯಬೇಕು, ಹಡಗು ತಡವಾದರೆ ಇನ್ನಷ್ಟು ಕಾಯಬೇಕು. ಆ ಕಡೆ ಇಳಿದರೆ ಹೊಸ ರೂಮು ಸಿಗುವುದು ಮಧ್ಯಾಹ್ನದ ಮೇಲೆಯೇ. 25ರ ವಯಸ್ಸಿನಲ್ಲಿ ಇದೂ ಒಂದು ಮಜಾ. 65 ದಾಟಿದ ಮಂಡಿಗಳ ಮಾತು ಬೇರೆ.

ನಾನು ಈಗ ಪಾಲಿಸುವ ಲೆಕ್ಕ ಸರಳ. ಒಂದು ದ್ವೀಪಕ್ಕೆ ಕನಿಷ್ಠ 3 ರಾತ್ರಿ. 8 ದಿನ ಇದ್ದರೆ 2 ದ್ವೀಪ, 11-12 ದಿನ ಇದ್ದರೆ 3. ಇನ್ನೂ ಒಂದು ನೋಡಲೇಬೇಕು ಅನಿಸಿದರೆ ರೂಮು ಬಿಡದೆ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಮಿಕೊನೊಸ್ ಪಕ್ಕದ ಡೆಲೊಸ್ ಅಂಥದ್ದೇ ಜಾಗ. ಅಲ್ಲಿ ಪ್ರಾಚೀನ ಅವಶೇಷಗಳಿವೆ, ಪ್ರವಾಸಿಗರು ರಾತ್ರಿ ಉಳಿಯುವ ಹಾಗೇ ಇಲ್ಲ.

ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ

ಒಟ್ಟಿಗೆ ಕೂರಿಸಿ ಕೇಳಿದರೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆ ಆಡಿಸುತ್ತಾರೆ, ಅಷ್ಟೇ. "ಎಲ್ಲಿಗೆ ಹೋಗಬೇಕು" ಅಂತ ಕೇಳಿದರೆ "ನಿನ್ನಿಷ್ಟ" ಅನ್ನುತ್ತಾರೆ. ಅದರ ಬದಲು "ಎಷ್ಟು ಗಂಟೆಗೆ ಎದ್ದು ಹೊರಡೋಕೆ ಇಷ್ಟ", "ದೋಣಿಯಲ್ಲಿ ಯಾವತ್ತಾದರೂ ವಾಂತಿ ಆಗಿದೆಯಾ", "ಒಂದೇ ಸಲ ಎಷ್ಟು ಮೆಟ್ಟಿಲು ಹತ್ತಬಹುದು" ಅಂತ ಕೇಳಿ. ನಮ್ಮಪ್ಪನಿಗೆ ದೋಣಿ ಅಂದರೆ ಭಯ ಅನ್ನುವುದು ನನಗೆ ಗೊತ್ತಾಗಿದ್ದು ಹೀಗೆ. 40 ವರ್ಷ ಜೊತೆಗಿದ್ದ ಅಮ್ಮನಿಗೂ ಗೊತ್ತಿರಲಿಲ್ಲ!

ಇದಕ್ಕೇ ಪ್ರವಾಸವನ್ನು ಪೂರ್ತಿ ಗುಟ್ಟಾಗಿ ಇಡಬೇಡಿ. ಸರ್‌ಪ್ರೈಸ್ ಬೇಕೇ ಬೇಕು ಅಂದರೆ ಒಂದು ಸಂಜೆಯದು ಇರಲಿ.

ದ್ವೀಪಗಳ ಗುಂಪು ಆರಿಸುವುದು

ಸಮುದ್ರದ ನೀಲಿ ಬಣ್ಣ ನೋಡಿ ಆರಿಸಬೇಡಿ. ದಾಟುವುದು ಹೇಗೆ ಅಂತ ನೋಡಿ ಆರಿಸಿ. ಹವಾಯಿಯ ದೊಡ್ಡ ದ್ವೀಪಗಳ ನಡುವೆ ಹೆಚ್ಚಾಗಿ ವಿಮಾನದಲ್ಲೇ ಓಡಾಡಬೇಕು. ಹಾರಾಟ ಒಂದು ಗಂಟೆಯೊಳಗೆ ಮುಗಿಯುತ್ತದೆ, ಆದರೆ ಪ್ರತಿ ಸಲ ವಿಮಾನ ನಿಲ್ದಾಣದ ತಪಾಸಣೆ ತಪ್ಪುವುದಿಲ್ಲ. ಸಮುದ್ರ ಆಗದವರಿಗೆ ಇದು ಒಳ್ಳೆಯದು. ಪೋರ್ಚುಗಲ್‌ನ ಅಜೋರ್ಸ್‌ನಲ್ಲಿ 9 ದ್ವೀಪಗಳಿವೆ, ಎಲ್ಲವನ್ನೂ ನೋಡುವ ಆಸೆ ಬೇಡ. ಫಾಯಲ್ ಮತ್ತು ಪಿಕೊ ನಡುವಿನ ಹಡಗಿಗೆ ಸುಮಾರು ಅರ್ಧ ಗಂಟೆ ಸಾಕು. ಹಡಗಿನ ರುಚಿಯೂ ಸಿಗುತ್ತದೆ, ಸುಸ್ತೂ ಆಗುವುದಿಲ್ಲ. ಗ್ರೀಸ್‌ನಲ್ಲಿ ಹಡಗುಗಳು ಬೇಕಾದಷ್ಟಿವೆ, ಆದರೆ ದೂರ ಜಾಸ್ತಿ. ಅಥೆನ್ಸ್ ಬಳಿಯ ಪಿರೇಯಸ್ ಬಂದರಿನಿಂದ ಸ್ಯಾಂಟೊರಿನಿಗೆ ಮಾಮೂಲಿ ಹಡಗು ಹೆಚ್ಚುಕಮ್ಮಿ 8 ಗಂಟೆ ತೆಗೆದುಕೊಳ್ಳುತ್ತದೆ.

ಇನ್ನೊಂದು ದಾರಿ ಕ್ರೂಸ್. ಪೆಟ್ಟಿಗೆ ಒಂದೇ ರೂಮಿನಲ್ಲಿರುತ್ತದೆ, ಬೆಳಿಗ್ಗೆ ಎದ್ದರೆ ಹೊಸ ದ್ವೀಪ. ಆದರೆ ದೊಡ್ಡ ಹಡಗು ಎಲ್ಲ ಕಡೆ ದಡಕ್ಕೆ ತಾಗುವುದಿಲ್ಲ. ಸ್ಯಾಂಟೊರಿನಿಯಲ್ಲಿ ಸಮುದ್ರದಲ್ಲೇ ನಿಂತು ಸಣ್ಣ ದೋಣಿಯಲ್ಲಿ ಹಳೆಯ ಬಂದರಿಗೆ ಇಳಿಸುತ್ತಾರೆ. ಅಲ್ಲಿಂದ ಮೇಲಿನ ಊರಿಗೆ ಸುಮಾರು 600 ಮೆಟ್ಟಿಲು, ಇಲ್ಲವೇ ಕೇಬಲ್ ಕಾರು. ಹಲವು ಹಡಗು ಒಂದೇ ದಿನ ಬಂದರೆ ಕೇಬಲ್ ಕಾರಿನ ಸಾಲು ನೋಡುವ ಹಾಗಿರುವುದಿಲ್ಲ.

ತಿಂಗಳು ಯಾವುದು?

ಮದುವೆ ದಿನ ಬಿದ್ದ ತಿಂಗಳಲ್ಲೇ ಹೋಗಬೇಕು ಅಂತೇನಿಲ್ಲ. ಈ ಗ್ರೀಕ್ ದ್ವೀಪಗಳಿರುವ ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಜೋರು. ಆಕಾಶ ಶುಭ್ರವಾಗಿಯೇ ಇರುತ್ತದೆ, ಆದರೂ ಕೆಲವು ದಿನ ಹಡಗು ಬಂದರು ಬಿಡುವುದಿಲ್ಲ. ಮೇ ಕೊನೆ, ಜೂನ್, ಸೆಪ್ಟೆಂಬರ್ ಹಿತ. ಎಲ್ಲಿಗೇ ಹೊರಟರೂ ಆ ಕಡೆಯ ಗಾಳಿ, ಬಿರುಗಾಳಿಯ ತಿಂಗಳು ಯಾವುದು ಅಂತ ಮೊದಲು ನೋಡಿ, ಟಿಕೆಟ್ ದರ ಆಮೇಲೆ.

ಹಡಗು, ಮತ್ತು ಆ ಐದು ನಿಮಿಷ

ವೇಗದ ಕ್ಯಾಟಮರಾನ್ (ಜೋಡಿ ಒಡಲಿನ ಹಡಗು) ನೋಡಿ ಮರುಳಾಗಬೇಡಿ. ಹೊತ್ತು ಉಳಿಯುತ್ತದೆ ನಿಜ. ಆದರೆ ಅಲೆ ಎದ್ದಾಗ ಜಾಸ್ತಿ ಕುಲುಕುತ್ತದೆ, ಹೊರಗೆ ನಿಲ್ಲಲು ಜಾಗ ಕಮ್ಮಿ, ಗಾಳಿ ಹೆಚ್ಚಾದರೆ ದೊಡ್ಡ ಹಡಗಿಗಿಂತ ಮೊದಲೇ ರದ್ದಾಗುತ್ತದೆ. ವಯಸ್ಸಾದವರಿಗೆ ನಿಧಾನದ ದೊಡ್ಡ ಹಡಗೇ ಸರಿ ಅನ್ನುವುದು ನನ್ನ ಅನುಭವ.

ಯಾರೂ ಮೊದಲೇ ಹೇಳದ ವಿಷಯವೊಂದಿದೆ. ಹಡಗಿನ ಹಿಂಭಾಗ ಬಾಯಿ ತೆರೆದು ಕಬ್ಬಿಣದ ಇಳಿಜಾರು ದಡಕ್ಕೆ ಬೀಳುತ್ತದೆ. ಅದರ ಮೇಲೇ ಲಾರಿ, ಕಾರು, ಜನ. ಸಣ್ಣ ದ್ವೀಪಗಳಲ್ಲಿ ಹಡಗು ನಿಲ್ಲುವುದೇ ಕೆಲವು ನಿಮಿಷ. ಅಪ್ಪ ಎರಡು ಪೆಟ್ಟಿಗೆ ಎಳೆದುಕೊಂಡು ಹತ್ತುವಾಗ ಒಂದರ ಚಕ್ರ ಕಬ್ಬಿಣದ ಪಟ್ಟಿಯ ಸಂದಿಗೆ ಸಿಕ್ಕಿಕೊಂಡಿತು. ಹಿಂದೆ ಲಾರಿ ಹಾರನ್, ಮುಂದೆ ಸಿಬ್ಬಂದಿಯ ಸೀಟಿ, ಕಾಲಡಿ ಒದ್ದೆ. ಅಪ್ಪನ ಮುಖ ನೋಡಬೇಕಿತ್ತು. ಒಳಗೆ ಹೋದ ಮೇಲೆ ಪೆಟ್ಟಿಗೆಯನ್ನು ವಾಹನಗಳ ಮಹಡಿಯ ಕಪಾಟಿನಲ್ಲೇ ಇಟ್ಟು ಮೇಲೆ ಹತ್ತಬೇಕು.

ಹಾಗಾಗಿ ಒಬ್ಬೊಬ್ಬರಿಗೆ ಒಂದೇ ಪೆಟ್ಟಿಗೆ, ತಾವೇ ಎತ್ತಬಲ್ಲಷ್ಟು ಭಾರದ್ದು. ಔಷಧಿ, ಪಾಸ್‌ಪೋರ್ಟ್, ಶಾಲು, ನೀರು ಹೆಗಲ ಚೀಲದಲ್ಲಿ. ಅಡಿ ಜಾರದ ಚಪ್ಪಲಿ ಅಥವಾ ಶೂ. ಗಾಲಿಕುರ್ಚಿ ಬೇಕಿದ್ದರೆ ವಿಮಾನದವರಿಗೂ ಹಡಗಿನವರಿಗೂ ಕನಿಷ್ಠ 48 ಗಂಟೆ ಮುಂಚೆ ತಿಳಿಸಿ.

ರೂಮು

ಹೋಟೆಲಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಕಾರು ನಿಲ್ಲುವ ಜಾಗದಿಂದ ರೂಮಿನ ಬಾಗಿಲಿಗೆ ಎಷ್ಟು ಮೆಟ್ಟಿಲು? ಸ್ಯಾಂಟೊರಿನಿಯ ಓಯಾದಲ್ಲಿ ಫೋಟೊಗಳಲ್ಲಿ ಕಾಣುವ ಚೆಂದದ ರೂಮುಗಳೆಲ್ಲ ಬಂಡೆಯ ಅಂಚಿನಲ್ಲಿ, ಮೆಟ್ಟಿಲ ಕೆಳಗೆ ಮೆಟ್ಟಿಲು. ಗ್ರೀಸ್‌ನದೇ ಹೈಡ್ರಾ ದ್ವೀಪದಲ್ಲಂತೂ ಕಾರುಗಳೇ ಇಲ್ಲ, ಸಾಮಾನು ಹೊರುವುದು ಕತ್ತೆ. "ಸ್ವಲ್ಪ ಮೆಟ್ಟಿಲು ಇವೆ" ಅಂದರೆ ಬಿಡಬೇಡಿ, ಸಂಖ್ಯೆ ಕೇಳಿ.

ಡಾಕ್ಟರ್ ಹತ್ತಿರ ಒಂದು ಸುತ್ತು

ಹೊರಡುವ ಒಂದು ತಿಂಗಳ ಮುಂಚೆಯೇ ಹೋಗಿ. ಸಮುದ್ರದ ತಲೆಸುತ್ತಿಗೆ ಅಂಗಡಿಯಲ್ಲಿ ಸುಮ್ನೆ ಸಿಗುವ ಮಾತ್ರೆ ವಯಸ್ಸಾದವರಲ್ಲಿ ಮಂಪರು, ಬಾಯಿ ಒಣಗುವುದು, ಗೊಂದಲ ತರಬಹುದು. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಕೆಲವು ಮಾತ್ರೆ ಆಗುವುದೇ ಇಲ್ಲ. ಡಾಕ್ಟರ್ ಒಪ್ಪಿದರೆ ಹಡಗು ಹೊರಡುವ ಅರ್ಧ-ಒಂದು ಗಂಟೆ ಮೊದಲೇ ನುಂಗಬೇಕು. ತಲೆ ಸುತ್ತಿದ ಮೇಲೆ ತಗೊಂಡು ಅಷ್ಟೇನೂ ಪ್ರಯೋಜನವಿಲ್ಲ. ಹಡಗಿನ ನಡುಭಾಗದಲ್ಲಿ, ಕೆಳ ಮಹಡಿಯಲ್ಲಿ ಕುಲುಕಾಟ ಕಮ್ಮಿ. ಮೊಬೈಲ್ ಒಳಗಿಟ್ಟು ಸಮುದ್ರ, ಆಕಾಶ ಸೇರುವ ದೂರದ ಅಂಚನ್ನೇ ನೋಡುತ್ತಿರಲು ಹೇಳಿ.

ದಿನದ ಔಷಧಿ ಒಂದು ವಾರದ್ದು ಹೆಚ್ಚಿಗೆ ಇರಲಿ. ಎರಡು ಕೈಚೀಲದಲ್ಲಿ ಹಂಚಿ, ಔಷಧಿಯ ಮೂಲ ಹೆಸರು ಬರೆದ ಚೀಟಿಯೂ ಜೊತೆಗಿರಲಿ. ಬ್ರ್ಯಾಂಡ್ ಹೆಸರು ಬೇರೆ ದೇಶದಲ್ಲಿ ಯಾರಿಗೂ ಗೊತ್ತಾಗದೇ ಇರಬಹುದು. ಇನ್ಸುಲಿನ್ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಬೇಡ, ಚಳಿಗೆ ಹೆಪ್ಪುಗಟ್ಟಿದರೆ ಕೆಡುತ್ತದೆ. ವಿಮೆ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಸಣ್ಣ ದ್ವೀಪದಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ವಿಮೆಯಲ್ಲಿ ಸೇರಿದೆಯಾ ಅಂತ ಓದಿ ನೋಡಿ.

ಟಿಕೆಟ್ ಯಾವ ಕ್ರಮದಲ್ಲಿ?

ಕೊನೆಯಿಂದ ಶುರು ಮಾಡಿ. ಮನೆಗೆ ಮರಳುವ ವಿಮಾನದ ಹಿಂದಿನ ರಾತ್ರಿ ಆ ನಿಲ್ದಾಣ ಇರುವ ಊರಲ್ಲೇ ಇರಬೇಕು. ಬೆಳಿಗ್ಗೆ ಹಡಗು, ಸಂಜೆ ವಿಮಾನ ಅನ್ನುವ ಲೆಕ್ಕ ಬೇಡವೇ ಬೇಡ. ಎರಡೂ ಬೇರೆಬೇರೆ ಟಿಕೆಟ್ ಆಗಿದ್ದರೆ, ಹಡಗು ರದ್ದಾಯಿತು ಅಂತ ವಿಮಾನದವರು ದುಡ್ಡು ಕೊಡುವುದಿಲ್ಲ. ಆಮೇಲೆ ಮದುವೆ ದಿನವನ್ನು ಯಾವುದಾದರೂ ದ್ವೀಪದ ಎರಡನೇ ದಿನಕ್ಕೆ ಬೀಳುವ ಹಾಗೆ ಕೂರಿಸಿ. ಅವತ್ತು ಪ್ರಯಾಣ ಇಲ್ಲ, ಬೆಳಿಗ್ಗೆ ಅಲಾರಂ ಇಲ್ಲ. ಉಳಿದದ್ದೆಲ್ಲ ಇದರ ಸುತ್ತ ತಾನಾಗೇ ಹೊಂದಿಕೊಳ್ಳುತ್ತದೆ.

ಅವರಿಬ್ಬರೇ ಹೋಗುವುದಾದರೆ ದಿನಕ್ಕೊಂದು ಹಾಳೆಯಂತೆ ದಪ್ಪ ಅಕ್ಷರದಲ್ಲಿ ಬರೆದುಕೊಡಿ: ಹಡಗಿನ ಹೆಸರು, ಹೊತ್ತು, ಹೋಟೆಲಿನ ವಿಳಾಸ ಆ ಊರಿನ ಲಿಪಿಯಲ್ಲೂ, ಫೋನ್ ನಂಬರ್. ಮೊಬೈಲ್ ಬ್ಯಾಟರಿ ನಂಬಬೇಡಿ.

ನಮ್ಮವರು ಕೊನೆಗೆ ಹೋಗಿದ್ದು ನಾಕ್ಸೊಸ್ ಮತ್ತು ಪಾರೊಸ್‌ಗೆ ಮಾತ್ರ. ಮದುವೆ ದಿನ ರಾತ್ರಿ ಊಟಕ್ಕೆ ಸಮುದ್ರದ ಪಕ್ಕ ನಾನು ಗುಟ್ಟಾಗಿ ಟೇಬಲ್ ಕಾದಿರಿಸಿದ್ದೆ. ಇಬ್ಬರೂ ಹೋಗಲೇ ಇಲ್ಲ. ರೂಮಿನ ಮುಂದಿನ ಕುರ್ಚಿಯಲ್ಲಿ ಕೂತು ಬಂದರಿಗೆ ಬರುವ ಹಡಗು ಎಣಿಸುತ್ತಿದ್ದರಂತೆ. ಒಂಬತ್ತು ಬಂದವು ಅಂತ ಅಪ್ಪ. ಇಲ್ಲ, ಎಂಟೇ ಅಂತ ಅಮ್ಮ.