ಸ್ಪೀಡ್ ಚಲನ್: ಕಟ್ಟಬೇಕೋ, ಕೋರ್ಟ್ ಮೆಟ್ಟಿಲು ಹತ್ತಬೇಕೋ? ನನ್ನ ಅನುಭವ

ಅತಿವೇಗಕ್ಕೆ ಕ್ಯಾಮೆರಾ ಹಿಡಿದು ಸ್ಪೀಡ್ ಚಲನ್ ಬಂದರೆ ದಂಡ ಕಟ್ಟಿ ಕೈ ತೊಳೆದುಕೊಳ್ಳಬೇಕು ಅನ್ನೋದು ಮುಂಬೈಯ ನಮ್ಮ ಟ್ರಾವೆಲ್ಸ್ ಲೈನಿನಲ್ಲಿ ಎಲ್ಲರ ಮಾತು. ನಾನು ಕೇಸ್ ನಡೆಸುತ್ತೇನೆ ಅಂದಾಗ ಚೆಂಬೂರಿನಲ್ಲಿ ನಕ್ಕವರೇ ಜಾಸ್ತಿ. "2000 ರೂಪಾಯಿ ದಂಡ ಉಳಿಸೋಕೆ 7000 ಖರ್ಚು ಮಾಡ್ತೀರಾ ಶೆಟ್ರೇ?" ಅಂದರು. ಆ ಒಂದು ಚಲನ್ ಮಟ್ಟಿಗೆ ಅವರ ಲೆಕ್ಕ ಸರಿಯೇ ಇತ್ತು. ಆದರೆ ಈಗ ಒಂದು ವರ್ಷದ ಲೆಕ್ಕ ಕೂಡಿಸಿದರೆ ದುಡ್ಡೂ ಉಳಿದಿದೆ, ಡ್ರೈವರುಗಳ ಲೈಸೆನ್ಸೂ ಉಳಿದಿದೆ. ನಕ್ಕವರಲ್ಲಿ ಇಬ್ಬರು ಮೊನ್ನೆ ನನ್ನ ಫೈಲ್ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಹಾಗಾಗಿ ಎಲ್ಲರಿಗೂ ಸಿಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಆರು ಗಾಡಿ. ನಾಲ್ಕು ಎರ್ಟಿಗಾ, ಎರಡು ಡಿಜೈರ್. ಎಲ್ಲವೂ ಟಿ ಪರ್ಮಿಟ್, ಅಂದರೆ ಟೂರಿಸ್ಟ್ ಟ್ಯಾಕ್ಸಿ, ಸಿಎನ್‌ಜಿ. ಅರ್ಧದಷ್ಟು ಡ್ಯೂಟಿ ಪುಣೆಗೆ. 2024ರ ಜುಲೈಯಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ವೇಗ ಅಳೆದು ಚಲನ್ ಕಳಿಸುವ ಐಟಿಎಂಎಸ್ ಕ್ಯಾಮೆರಾ ಶುರುವಾದ ಮೇಲೆ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಮೊದಲು ತಿಂಗಳಿಗೊಂದು ಬರುತ್ತಿದ್ದ ಮೆಸೇಜ್ ವಾರಕ್ಕೊಂದಾಯಿತು.

ಹೆಚ್ಚಿನ ಮಾಲೀಕರು ಮಾಡೋದು ಒಂದೇ ಕೆಲಸ. ಚಲನ್ ಕಟ್ಟಿ, ಡ್ರೈವರ್ ಸಂಬಳದಲ್ಲಿ 2000 ಮುರಿಯೋದು. ನನಗೆ ಇದು ಮೊದಲಿನಿಂದಲೂ ಸರಿ ಕಂಡಿಲ್ಲ. ಊರಿಂದ ಬಂದು, ಒಂದು ಖೋಲಿಯಲ್ಲಿ ನಾಲ್ಕು ಜನ ಇದ್ದು ದುಡಿಯುವ ಹುಡುಗರು. ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ ಎರಡನೇ ಸಲ ಅತಿವೇಗದ ಅಪರಾಧವಾದರೆ ಲೈಸೆನ್ಸ್ ಜಪ್ತಿಗೆ ಅವಕಾಶವಿದೆ. ಸುಮ್ನೆ ಕಟ್ಟುತ್ತಾ ಹೋದರೆ ಅವನ ಹೆಸರಿಗೆ ನಾವೇ ತಪ್ಪು ಒಪ್ಪಿಕೊಂಡ ಹಾಗೆ. ಅದೇ ಕಲಂನಲ್ಲಿ ಡ್ರೈವರ್ ಕೈಯಲ್ಲಿ ವೇಗವಾಗಿ ಓಡಿಸಿದ ಮಾಲೀಕನಿಗೂ ದಂಡ ಇದೆ. ಇದನ್ನು ಓದಿದ ಮೇಲೆಯೇ ನಾನು ಗಟ್ಟಿ ಮನಸ್ಸು ಮಾಡಿದ್ದು.

ಮೊದಲ ಕೇಸ್ ಸೋತಿತು. ನಮ್ಮ ಹತ್ತಿರ ಜಿಪಿಎಸ್ ರಿಪೋರ್ಟ್ ಇತ್ತು. ಎಲ್ಲ ಟ್ಯಾಕ್ಸಿಗೂ ಹಾಕಿಸಿರುವ, ಗಾಡಿ ಎಲ್ಲಿದೆ ಅಂತ ತೋರಿಸುವ ಎಐಎಸ್ 140 ಡಿವೈಸಿನದ್ದೇ. ಆ ಹೊತ್ತಿನಲ್ಲಿ ಗಾಡಿ 80ರ ಒಳಗೆ ಇತ್ತು ಅಂತ ಸ್ಪಷ್ಟವಾಗಿ ತೋರಿಸುತ್ತಿತ್ತು. ಪ್ರಿಂಟ್ ತೆಗೆದು ಕೊಟ್ಟೆವು. ಮ್ಯಾಜಿಸ್ಟ್ರೇಟ್ ಸಾಹೇಬರು ಒಂದೇ ಮಾತು ಕೇಳಿದರು: ಸರ್ಟಿಫಿಕೇಟ್ ಎಲ್ಲಿ? 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಈಗ 63ನೇ ಕಲಂ. ಎಲೆಕ್ಟ್ರಾನಿಕ್ ದಾಖಲೆ ಕೊಡುವಾಗ ಎರಡು ಭಾಗದ ಸರ್ಟಿಫಿಕೇಟ್ ಬೇಕು. 'ಎ' ಭಾಗ ದಾಖಲೆ ಕೊಡುವವರದ್ದು, 'ಬಿ' ಭಾಗ ಪರಿಣತರದ್ದು. ಜೊತೆಗೆ ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲ್ ತಿದ್ದಿಲ್ಲ ಅಂತ ತೋರಿಸುವ ಗುರುತಿನ ಸಂಖ್ಯೆ. ನಮ್ಮ ವಕೀಲರಿಗೇ ಆಗ ಇದರ ರೂಢಿ ಇರಲಿಲ್ಲ. ವಕೀಲರಿಗೆ 3500, ನೋಟರಿ, ಟೈಪಿಂಗ್ ಅಂತ ಒಂದು 500, ಗಾಡಿ ನಿಂತ ನಷ್ಟ ಎರಡು ಮೂರು ಸಾವಿರ, ಮೇಲೆ ದಂಡ. ಎಲ್ಲ ಸೇರಿ ಎಂಟೂವರೆ ಒಂಬತ್ತು ಸಾವಿರ ಹೋಯಿತು.

ಎರಡನೆಯದೂ ಹೋಯಿತು. ಅದರಲ್ಲಿ ಫಾಸ್ಟ್ಯಾಗ್ ಹಿಡಿದುಕೊಂಡು ಹೋಗಿದ್ದೆವು. ಎಕ್ಸ್‌ಪ್ರೆಸ್‌ವೇಯ ಖಾಲಾಪುರ ಟೋಲ್ ನಾಕಾ ದಾಟಿದ ಹೊತ್ತು, ತಳೇಗಾಂವ್ ನಾಕಾ ದಾಟಿದ ಹೊತ್ತು, ನಡುವಿನ ದೂರ. ಸರಾಸರಿ ಲೆಕ್ಕ ಹಾಕಿದರೆ 70 ಕೂಡ ಬರುತ್ತಿರಲಿಲ್ಲ. ಆದರೆ ಸರಾಸರಿ 70 ಇದ್ದ ಗಾಡಿ ಒಂದು ನಿಮಿಷ 110ರಲ್ಲಿ ಓಡಿರಬಹುದು, ಅಲ್ವಾ? ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಫಾಸ್ಟ್ಯಾಗ್ ಒಂಟಿಯಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಗಾಡಿ ಆ ದಿನ ಬೇರೆ ಊರಲ್ಲೇ ಇತ್ತು, ಯಾರೋ ನಮ್ಮ ನಂಬರ್ ಹಾಕಿಕೊಂಡು ಓಡಿಸಿದ್ದಾರೆ ಅನ್ನುವ ಕೇಸಿಗೆ ಮಾತ್ರ ಅದು ಬಂಗಾರದಂಥ ಸಾಕ್ಷಿ. ಒಂದು ಎಚ್ಚರ: ಮೊಬೈಲಿಗೆ ಮೆಸೇಜ್ ಬಂದ ಸಮಯ ನೋಡಬೇಡಿ, ಅದು ಹಿಂದೆ ಮುಂದೆ ಆಗುತ್ತದೆ. ಸ್ಟೇಟ್‌ಮೆಂಟಿನಲ್ಲಿ ಟ್ಯಾಗ್ ಓದಿದ ಸಮಯ ಇರುತ್ತದೆ, ಅದನ್ನು ಹಿಡಿಯಿರಿ. 2024ರ ಅಕ್ಟೋಬರಿನಲ್ಲಿ ವಾಶಿ, ಐರೋಲಿ, ಮುಲುಂಡ್, ದಹಿಸರ್ ನಾಕಾಗಳಲ್ಲಿ ಸಣ್ಣ ಗಾಡಿಗಳ ಟೋಲ್ ಎತ್ತಿದ ಮೇಲೆ ಮುಂಬೈ ಬಾಗಿಲಲ್ಲಿ ಈ ಸಾಕ್ಷಿಯೂ ಇಲ್ಲ. ಟೋಲ್ ಉಳಿಯಿತು ಅಂತ ಎಲ್ಲರ ಜೊತೆ ನನಗೂ ಖುಷಿಯೇ, ಆದರೆ ನಮ್ಮ ಲೈನಿಗೆ ಒಂದು ಪುರಾವೆ ಹೋಯಿತು.

ಗೆದ್ದದ್ದು 2025ರಲ್ಲಿ. ಪನ್ವೇಲ್ ಕಡೆಯ ಸಮತಟ್ಟು ರಸ್ತೆ, ಅಲ್ಲಿ ಕಾರಿಗೆ ಮಿತಿ 100. ಚಲನ್‌ನಲ್ಲಿ 112 ಅಂತ ಇತ್ತು. ನಮ್ಮ ಕುಂದಾಪುರದ ಹುಡುಗ ಆಣೆ ಹಾಕಿ ಹೇಳಿದ, "ಇಲ್ಲೆ ಮಾರಾಯ್ರೆ, ಈ ಗಾಡಿ ಎಂಬತ್ತರ ಮೇಲೆ ಹೋತಿಲ್ಲೆ. 112 ಎಲ್ಲಿಂದ ಬಂತ್?" ಅವನ ಮಾತು ನಿಜ. ನಮ್ಮ ಟ್ಯಾಕ್ಸಿಗಳಿಗೆ ವೇಗ ಏರದ ಹಾಗೆ ತಡೆಯುವ ಸ್ಪೀಡ್ ಗವರ್ನರ್ ಇದೆ, 80ಕ್ಕೆ ಸೀಲ್ ಆಗಿದೆ. ಫೋಟೋ ಡೌನ್‌ಲೋಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದೆ. ನಡುವಿನ ಲೇನಿನಲ್ಲಿ ನಮ್ಮ ಎರ್ಟಿಗಾ, ನಂಬರ್ ಪ್ಲೇಟ್ ಕನ್ನಡಿಯಷ್ಟು ಸ್ಪಷ್ಟ. ಅದರ ಬಲಗಡೆ ಲೇನಿನಲ್ಲಿ, ಫೋಟೋದ ಅಂಚಿಗೆ, ಒಂದು ಬಿಳಿ ಗಾಡಿಯ ಅರ್ಧ ಬಾನೆಟ್ಟು, ಒಂದು ಹೆಡ್‌ಲೈಟು. ಅದರ ಪ್ಲೇಟ್ ಫ್ರೇಮಿನಿಂದ ಹೊರಗೆ. ಓವರ್‌ಟೇಕ್ ಮಾಡುತ್ತಿದ್ದದ್ದು ಅದು, ಚಲನ್ ಬಂದದ್ದು ನಮಗೆ.

ಈ ಸಲ ಫೈಲ್ ಹೀಗೆ ಕಟ್ಟಿದೆ. ಫೋಟೋ ದೊಡ್ಡ ಪ್ರಿಂಟ್. ಗವರ್ನರ್ ಸರ್ಟಿಫಿಕೇಟ್, ಆ ತಾರೀಖಿಗೆ ಚಾಲ್ತಿಯಲ್ಲಿದ್ದದ್ದು. ಸೀಲ್ ಒಡೆದಿಲ್ಲ ಅನ್ನುವುದಕ್ಕೆ ಫಿಟ್‌ನೆಸ್ ಕಾಗದ. ಜಿಪಿಎಸ್ ರಿಪೋರ್ಟ್, ಎರಡೂ ಭಾಗದ ಸರ್ಟಿಫಿಕೇಟ್ ಸಮೇತ. ಡಿವೈಸ್ ಹಾಕಿಕೊಟ್ಟವರು ಇದಕ್ಕೆ 1500 ಕೇಳಿದರು, ಚೌಕಾಸಿ ಮಾಡಿ 1000ಕ್ಕೆ ಒಪ್ಪಿಸಿದೆ. ಡ್ಯೂಟಿ ಸ್ಲಿಪ್.

ಚಲನ್ ಕೇಸುಗಳನ್ನು ಆನ್‌ಲೈನಿನಲ್ಲಿ ನೋಡುವ ವರ್ಚುವಲ್ ಕೋರ್ಟಿನ ಸೈಟಿನಲ್ಲಿ ದಂಡ ಕಟ್ಟುವ ಬಟನ್ ಪಕ್ಕದಲ್ಲೇ ಕೇಸ್ ನಡೆಸುತ್ತೇನೆ ಅನ್ನುವ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಕೇಸ್ ಆ ಜಾಗದ ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಡ್ರೈವರ್ ಪ್ರತಿ ತಾರೀಖಿಗೂ ಬಂದು ಕೂರಬೇಕು ಅನ್ನುವ ಹೆದರಿಕೆ ಬೇಡ. ಮೋಟಾರು ವಾಹನ ಕಾಯ್ದೆಯ 208ನೇ ಕಲಂ ಸಮನ್ಸಿನಲ್ಲಿ ವಕೀಲರ ಮೂಲಕ ಹಾಜರಾಗಲು ಅವಕಾಶವಿದೆ. ನಮ್ಮ ಹುಡುಗ ಒಮ್ಮೆ ಮಾತ್ರ ಬಂದ. ಇದರಿಂದಲೇ ಗಾಡಿ ನಿಂತ ನಷ್ಟ ಬಹಳ ಕಡಿಮೆಯಾಯಿತು.

ಆಮೇಲೆ ನಾವು ಕೇಳಿದ್ದು ಕ್ಯಾಮೆರಾ ಕಾಗದ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿತು. ಕ್ಯಾಮೆರಾಕ್ಕೆ ಒಪ್ಪಿಗೆಯ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿವರ್ಷ ನವೀಕರಿಸಬೇಕು. ಕ್ಯಾಮೆರಾ ಇದೆ ಅಂತ ಮುಂಚೆಯೇ ಬೋರ್ಡ್ ಇರಬೇಕು. ಆಗಿನ ನಿಯಮದಂತೆ ನೋಟಿಸ್ 15 ದಿನದೊಳಗೆ ಕಳಿಸಬೇಕಿತ್ತು. ಚಲನ್ ಜೊತೆ ಪೊಲೀಸರದ್ದೂ ಸಾಕ್ಷ್ಯದ ಸರ್ಟಿಫಿಕೇಟ್ ಇರಬೇಕು. ನಮ್ಮ ಕೇಸಿನಲ್ಲಿ ಆ ದಿನಕ್ಕೆ ಚಾಲ್ತಿಯಲ್ಲಿದ್ದ ಪ್ರಮಾಣಪತ್ರ ಹಾಜರಾಗಲಿಲ್ಲ. ಅಳೆದದ್ದು ಯಾವ ಲೇನಿನ ಗಾಡಿಯನ್ನು ಅನ್ನುವುದಕ್ಕೂ ಉತ್ತರ ಬರಲಿಲ್ಲ. ಆ ಲೇನಿನ ಬಗ್ಗೆ ನಮ್ಮ ವಕೀಲರು ಕೇಳಿದ ಒಂದು ಪ್ರಶ್ನೆಯಿಂದಲೇ ಕೇಸ್ ತಿರುಗಿದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮದೇ ಇನ್ನೊಂದು ಕೇಸ್ ಇನ್ನೂ ನಡೆಯುತ್ತಿದೆ. ಹುಡುಗ ಖುಲಾಸೆಯಾದ.

15 ದಿನ ಮೀರಿದೆ ಅನ್ನೋದೊಂದನ್ನೇ ನಂಬಿ ಹೋಗಬೇಡಿ. ಪರಿಚಯದ ಒಬ್ಬರು ಹಾಗೆ ಹೋಗಿ ಮೂರು ತಾರೀಖು ಅಲೆದರು, ಕೊನೆಗೆ ಕಟ್ಟಿ ಬಂದರು. ಮುಖ್ಯ ಸಾಕ್ಷಿ ಗಟ್ಟಿ ಇದ್ದಾಗ ಅದು ಬಲ ಕೊಡುತ್ತದೆ, ಅಷ್ಟೇ.

ಈ ಕೇಸಿಗೂ 6000 ಚಿಲ್ಲರೆ ಆಯಿತು. ಹಾಗಾದರೆ ಲಾಭ ಎಲ್ಲಿ? ಫೈಲಿನಲ್ಲಿ. ಈಗ ಚಲನ್ ಬಂದ ದಿನವೇ ಇದೇ ರೀತಿ ಫೈಲ್ ಕಟ್ಟಿ, ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಮಹಾಟ್ರಾಫಿಕ್ ಆ್ಯಪಿನ ದೂರು ವಿಭಾಗಕ್ಕೆ ಹಾಕುತ್ತೇನೆ. ಅದಕ್ಕೆ ದುಡ್ಡಿಲ್ಲ. ಮೊದಲು "ನಮ್ಮದು ತಪ್ಪಿಲ್ಲ, ದಯವಿಟ್ಟು ರದ್ದು ಮಾಡಿ" ಅಂತ ನಾಲ್ಕು ಸಾಲು ಬರೆದು ಕಳಿಸುತ್ತಿದ್ದೆವು, ತಿರಸ್ಕಾರವಾಗಿ ವಾಪಸ್ ಬರುತ್ತಿತ್ತು. ಕೋರ್ಟಿಗೆ ಹೋಗುವ ತಯಾರಿಯ ಕಾಗದ ನೋಡಿದ ಮೇಲೆ ಉತ್ತರದ ಧಾಟಿಯೇ ಬದಲಾಗಿದೆ. ಹೀಗೆ ಹಾಕಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ರದ್ದಾಗಿವೆ. ದೂರಿನಲ್ಲಿ ಕಾಗದಗಳನ್ನು ಯಾವ ಕ್ರಮದಲ್ಲಿ ಇಡಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ, ಅದನ್ನು ಚೆಂಬೂರಿಗೆ ಬಂದವರಿಗೆ ಚಾ ಕುಡಿಸಿ ಹೇಳುತ್ತೇನೆ.

ನಡುವೆ ಒಂದು ಪ್ರಯೋಗ ಮಾಡಿದೆ. ಮೀಟರ್, ಡ್ಯಾಶ್‌ಕ್ಯಾಮ್, ಎಐಎಸ್ ಡಿವೈಸ್ ಮೂರರ ವೇಗವೂ ಒಂದೇ ಇದೆಯಾ ಅಂತ. ಇದಕ್ಕೆ ಮುಂಬೈಯಿಂದ ಸಮುದ್ರದ ಮೇಲೆ ಹೋಗುವ ಅಟಲ್ ಸೇತುವಿನಷ್ಟು ಒಳ್ಳೆಯ ಜಾಗ ಇಲ್ಲ. 21.8 ಕಿಲೋಮೀಟರ್, ಮೇಲೆ ತೆರೆದ ಆಕಾಶ, ಸಿಗ್ನಲ್ ಕಡಿಯುವುದಿಲ್ಲ. ಮೀಟರ್ ಯಾವಾಗಲೂ ನಾಲ್ಕೈದು ಜಾಸ್ತಿ ತೋರಿಸುತ್ತದೆ. ಜಿಪಿಎಸ್ 75 ಅಂದರೆ ಮೀಟರಿನಲ್ಲಿ ಹೆಚ್ಚುಕಡಿಮೆ 80. ಹಾಗಾಗಿ ಮೀಟರ್ ನೋಡಿ ಓಡಿಸುವ ಡ್ರೈವರ್ ಸುರಕ್ಷಿತ. ಡ್ಯಾಶ್‌ಕ್ಯಾಮ್ ಮತ್ತು ಡಿವೈಸ್ ನಡುವೆ ಒಂದೆರಡರ ವ್ಯತ್ಯಾಸ. ಆದರೆ ಬ್ರೇಕ್ ಹಾಕಿದಾಗ ಡಿವೈಸ್ ತುಸು ತಡವಾಗಿ ಇಳಿಯುತ್ತದೆ. ಕ್ಯಾಮೆರಾ ಹತ್ತಿರ ಗಕ್ಕನೆ ಬ್ರೇಕ್ ಹಾಕುವವರು ಇದನ್ನು ನೆನಪಿಡಬೇಕು, ಸ್ವಂತ ರಿಪೋರ್ಟೇ ತಿರುಗಿ ಬೀಳಬಹುದು.

ಮುಂಬೈಯ ಕೋಸ್ಟಲ್ ರೋಡ್ ಸುರಂಗದಲ್ಲಿ ಕಥೆ ಬೇರೆ. ಒಳಗೆ ಹೋದ ಕೂಡಲೇ ಸಿಗ್ನಲ್ ಮಾಯ. ಹೊರಗೆ ಬಂದಾಗ ಪಾಯಿಂಟ್ ಒಮ್ಮೆಗೇ ಹಾರಿ, ಕೆಲವು ಸಲ 130, 140 ಅಂತ ಸುಳ್ಳು ವೇಗ ಬರೆಯುತ್ತದೆ. ಅಂಥ ರಿಪೋರ್ಟ್ ಕೋರ್ಟಿಗೆ ಕೊಟ್ಟರೆ ನಮ್ಮ ಕೈಯಾರೆ ಕೇಸ್ ಕೊಂದ ಹಾಗೆ.

ಈಗ ಚಲನ್ ಬಂದರೆ ನಾನು ಡ್ರೈವರನ್ನು ಬೈಯುವ ಮೊದಲು ಜಿಪಿಎಸ್ ತೆಗೆಯುತ್ತೇನೆ. ರಿಪೋರ್ಟಿನಲ್ಲಿ ನಮ್ಮದೇ ತಪ್ಪು ಕಂಡರೆ ಅಂದೇ ಕಟ್ಟುತ್ತೇನೆ, ವಾದವೇ ಇಲ್ಲ. ಲೋಕ ಅದಾಲತ್‌ನಲ್ಲಿ ಕಡಿಮೆಗೆ ಮುಗಿಯಬಹುದು ಅಂತ ಕಾಯುವವರಿದ್ದಾರೆ. ಗಾಡಿಯ ಫಿಟ್‌ನೆಸ್ ನವೀಕರಿಸುವ ತಾರೀಖು ದೂರ ಇದ್ದವರು ಕಾಯಲಿ. ನಮಗೆ ಬಾಕಿ ಚಲನ್ ಇದ್ದರೆ ಆರ್‌ಟಿಒ ಕೆಲಸ ನಿಂತುಬಿಡುತ್ತದೆ. ಘಾಟಿ ಇಳಿಯುವಾಗ ಬಂದ ಚಲನ್ ಆದರೆ ಗವರ್ನರ್ ವಾದ ಎತ್ತುವುದೇ ಇಲ್ಲ. ಇಳಿಜಾರಿನಲ್ಲಿ ಗಾಡಿಯ ಭಾರವೇ ಅದನ್ನು 80 ದಾಟಿಸುತ್ತದೆ. ಮೇಲಾಗಿ ಅಲ್ಲಿ ಮಿತಿ 80ಕ್ಕಿಂತ ಎಷ್ಟೋ ಕಡಿಮೆ, 80ರಲ್ಲಿ ಹೋದರೂ ತಪ್ಪೇ. ಫೋಟೋದಲ್ಲಿ ಒಂದೇ ಗಾಡಿ ಇದ್ದು, ನಮ್ಮ ರಿಪೋರ್ಟಿನಲ್ಲಿ ಆ ನಿಮಿಷ ಖಾಲಿ ಇದ್ದರೂ ಹೋರಾಡುವುದಿಲ್ಲ. ಫೋಟೋದಲ್ಲಿ ಎರಡನೇ ಗಾಡಿ, ಅಥವಾ ತಪ್ಪು ಓದಿದ ನಂಬರ್, ಅಥವಾ ಗವರ್ನರಿಗೂ ಚಲನ್‌ಗೂ ತಾಳೆಯಾಗದ ವೇಗ. ಇವುಗಳಲ್ಲಿ ಒಂದಾದರೂ ಇದ್ದು, ಸರ್ಟಿಫಿಕೇಟ್ ಸಮೇತ ಜಿಪಿಎಸ್ ಇದ್ದರೆ ಮಾತ್ರ ಮುಂದಕ್ಕೆ.

ಕಳೆದ ತಿಂಗಳು ಡಿಜೈರ್‌ಗೆ ಕೋಸ್ಟಲ್ ರೋಡ್ ಸುರಂಗದ ಚಲನ್ ಬಂತು. ಅಲ್ಲಿ ಮಿತಿ 60, ಚಲನ್‌ನಲ್ಲಿ 74. ಡ್ರೈವರ್ ತಾನು ಅಷ್ಟು ಹೋಗಿಲ್ಲ ಅಂದ, ನಾನೂ ನಂಬಿದೆ. ಆದರೆ ಆ ಎರಡು ಮೂರು ನಿಮಿಷಕ್ಕೆ ನಮ್ಮ ಹತ್ತಿರ ಒಂದು ಸಾಲಿನ ಪುರಾವೆಯೂ ಇರಲಿಲ್ಲ. ದಂಡ ನಾನೇ ಕಟ್ಟಿದೆ, ಅವನ ಸಂಬಳ ಮುಟ್ಟಲಿಲ್ಲ. ಎರಡೂ ಡಿಜೈರ್‌ಗೆ ಮೀಟರ್ ಕಾಣುವ ಹಾಗೆ ಒಳಮುಖದ ಡ್ಯಾಶ್‌ಕ್ಯಾಮ್ ಹಾಕಿಸಲು ಕೊಟ್ಟಿದ್ದೇನೆ. ಒಂದಕ್ಕೆ 4000 ಹತ್ತಿರ ಆಗುತ್ತದೆ.