ಮುಂದೆ ಲೀಕ್, ಹಿಂದೆ ಲೂಸ್: ಹಳೇ ಸ್ಪ್ಲೆಂಡರ್ ಸೈಲೆನ್ಸರ್ ಸರಿ ಮಾಡಿದ್ದು

ಅಪ್ಪ ಓಡಿಸುತ್ತಿದ್ದ ಸ್ಪ್ಲೆಂಡರ್ ಈಗ ನನ್ನ ಹತ್ತಿರ ಇದೆ. ಹೀರೋ ಮತ್ತು ಹೋಂಡಾ ಇನ್ನೂ ಒಟ್ಟಿಗಿದ್ದ ಕಾಲದ ಗಾಡಿ. ದಾವಣಗೆರೆ ಊರೊಳಗಿನ ಓಡಾಟ, ಆಗಾಗ ಚನ್ನಗಿರಿ ಕಡೆ ತೋಟಕ್ಕೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಪ್ ಟಪ್ ಅನ್ನತೊಡಗಿತು. ಇಂಜಿನ್ ಬಿಸಿಯಾದರೆ ಸದ್ದು ಸ್ವಲ್ಪ ಇಳಿಯುತ್ತಿತ್ತು. ಆದರೆ ಓಡುವಾಗ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ ಸಿಡಿತ.

ಕೇಳಿದವರೆಲ್ಲ ಟ್ಯಾಪೆಟ್ (ಇಂಜಿನ್ ವಾಲ್ವ್ ಒತ್ತುವ ಭಾಗ) ಸಡಿಲ ಅಂದರು. ಟ್ಯಾಪೆಟ್ ಆಗಿದ್ದರೆ ಟಿಕ್ ಟಿಕ್ ಎಂದು ಸಣ್ಣಗೆ ಬಡಿಯುತ್ತದೆ, ಸಿಡಿಯುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಪೈಪ್ ಒಳಗೆ ಆಗಾಗ ಒತ್ತಡ ತಗ್ಗಿ, ಸಡಿಲವಾದ ಜಾಯಿಂಟ್‌ನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಸುಡದೆ ಉಳಿದ ಪೆಟ್ರೋಲ್ ಆವಿ ಆ ಗಾಳಿ ಸಿಕ್ಕಿ ಪೈಪ್‌ನಲ್ಲೇ ಹೊತ್ತಿಕೊಳ್ಳುತ್ತದೆ. ಸಿಡಿತ ಅದೇ.

ಲೀಕ್ ಎಲ್ಲಿದೆ ಎಂದು ಹುಡುಕುವುದು ಸುಲಭ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಬಯಲಲ್ಲಿ ಗಾಡಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್‌ನಲ್ಲಿ ಬೇಡ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ದಪ್ಪ ಬಟ್ಟೆ ಮಡಚಿ ಸೈಲೆನ್ಸರ್ ಬಾಯಿಗೆ ಒಂದು ಕ್ಷಣ ಒತ್ತಿ ಹಿಡಿಯಿರಿ. ಎಲ್ಲ ಬಿಗಿಯಾಗಿದ್ದರೆ ಇಂಜಿನ್ ಉಸಿರುಗಟ್ಟಿ ನಿಲ್ಲಲು ನೋಡುತ್ತದೆ. ಲೀಕ್ ಇದ್ದರೆ ಅಲ್ಲಿಂದ ಬುಸ್ ಎಂದು ಗಾಳಿ ಹೊಡೆಯುತ್ತದೆ. ಜಾಯಿಂಟ್‌ಗೆ ಸೋಪಿನ ನೀರು ಹಚ್ಚಿದ್ದರೆ ಗುಳ್ಳೆ ಏಳುತ್ತದೆ. ನನ್ನ ಗಾಡಿಯಲ್ಲಿ ಅಷ್ಟೂ ಬೇಕಾಗಲಿಲ್ಲ. ಇಂಜಿನ್‌ನಿಂದ ಹೊಗೆ ತರುವ ಬೆಂಡ್ ಪೈಪ್, ಸಿಲಿಂಡರ್ ತುದಿಯ ಮುಚ್ಚಳವಾದ ಹೆಡ್‌ಗೆ ಸೇರುವ ಕಡೆ ಕಪ್ಪು ಮಸಿ ಹಿಡಿದಿತ್ತು.

ಹಾಗಂತ ಅಲ್ಲೇ ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಡಿ. ಹಿಂದೆ ಒಬ್ಬ ಮೆಕ್ಯಾನಿಕ್ ಹಾಗೇ ಮಾಡಿಕೊಟ್ಟಿದ್ದ, ಕೆಲವು ದಿನಕ್ಕೆ ಮತ್ತೆ ಅದೇ ಸದ್ದು. ಸೈಲೆನ್ಸರ್ ಹಿಂಭಾಗ ಹಿಡಿದು ಅಲ್ಲಾಡಿಸಿ ನೋಡಿದೆ. ಹಿಂದಿನ ಫುಟ್‌ರೆಸ್ಟ್ ಹತ್ತಿರ ಅದನ್ನು ಹಿಡಿದಿಡುವ ಬೋಲ್ಟ್ ಸಡಿಲ, ವಾಷರ್ ಮಾಯ, ಬ್ರಾಕೆಟ್ ತೂತು ಸವೆದು ಅಗಲವಾಗಿತ್ತು. ಪ್ರತಿ ಹಂಪ್‌ಗೂ ಇಡೀ ಸೈಲೆನ್ಸರ್ ಕುಣಿಯುತ್ತಿತ್ತು. ಅಷ್ಟು ಭಾರವನ್ನು ಮುಂದೆ ಪೈಪನ್ನು ಹೆಡ್‌ಗೆ ಹಿಡಿದಿಡುವ ಎರಡು ಸಣ್ಣ ಸ್ಟಡ್ (ಎರಡೂ ತುದಿಗೆ ಥ್ರೆಡ್ ಇರುವ ಕಡ್ಡಿ) ಹೊರಬೇಕು. ನಟ್ ಸಡಿಲವಾಗದೆ ಇನ್ನೇನಾಗುತ್ತೆ? ಮುಂದೆ ಲೀಕ್ ಕಂಡರೆ ಮೊದಲು ಹಿಂದೆ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಬಿಚ್ಚುವುದೇ ಕಷ್ಟದ ಕೆಲಸ. ಈ ಇಂಜಿನ್‌ನಲ್ಲಿ ಸಿಲಿಂಡರ್ ಮುಂದಕ್ಕೆ ಮಲಗಿದೆ, ಹೊಗೆ ಹೋಗುವ ಬಾಯಿ ಕೆಳಗಿದೆ. ಮುಂದಿನ ಚಕ್ರ ಎರಚುವ ಕೆಸರೆಲ್ಲ ಆ ನಟ್‌ಗಳ ಮೇಲೇ. ತುಕ್ಕು ಹಿಡಿದ ನಟ್‌ಗೆ ಬಲ ಹಾಕಿದರೆ ಸ್ಟಡ್ ಮುರಿದು ಹೆಡ್ ಒಳಗೇ ಉಳಿಯುತ್ತದೆ. ಹಿಂದಿನ ರಾತ್ರಿ ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಬೆಳಿಗ್ಗೆ ಮತ್ತೊಮ್ಮೆ ಬಿಟ್ಟು, 10ರ ರಿಂಗ್ ಸ್ಪ್ಯಾನರ್‌ನಿಂದ ಚೂರು ಬಿಚ್ಚುವುದು, ಚೂರು ಬಿಗಿ ಮಾಡುವುದು, ಮತ್ತೆ ಬಿಚ್ಚುವುದು. ಓಪನ್ ಸ್ಪ್ಯಾನರ್ ಬೇಡ, ನಟ್‌ನ ಮೂಲೆ ತಿಂದುಹಾಕುತ್ತದೆ.

ಒಂದು ನಟ್ ಬಂತು. ಇನ್ನೊಂದು ಸ್ಟಡ್ ಸಮೇತ ತಿರುಗಿ ಬಂತು, ಜೊತೆಗೆ ಹೆಡ್‌ನ ಥ್ರೆಡ್ಡನ್ನೂ ತಂತು. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಪಿ.ಬಿ. ರಸ್ತೆ ಬದಿಯ, ಲೋಹ ಕಡೆಯುವ ಒಂದು ಲೇತ್ ಅಂಗಡಿಗೆ ಗಾಡಿ ತಳ್ಳಿಕೊಂಡು ಹೋದೆ. ಅಲ್ಲಿ ಪಕ್ಕದ ಹರಿಹರದಲ್ಲೇ ತಯಾರಾದ ಹಳೇ ಕಿರ್ಲೋಸ್ಕರ್ ಲೇತ್ ಇನ್ನೂ ತಿರುಗುತ್ತಿದೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಮಷಿನ್ ಮಾತ್ರ ಗಟ್ಟಿ! ಅಂಗಡಿಯವರು ತೂತನ್ನು ಸ್ವಲ್ಪ ದೊಡ್ಡದು ಮಾಡಿ ಟ್ಯಾಪ್ ಹೊಡೆದು (ಹೊಸ ಥ್ರೆಡ್ ಕೊರೆದು), ಒಂದು ತುದಿ ದಪ್ಪ, ಇನ್ನೊಂದು ತುದಿ ಮೊದಲಿನ ಅಳತೆ ಇರುವ ಸ್ಟಡ್ ಕಡೆದು ಕೊಟ್ಟರು. ಸ್ಟಡ್ ಮುರಿದೇ ಹೋಗಿದ್ದರೆ ಅದರ ತಲೆಗೆ ನಟ್ ವೆಲ್ಡ್ ಮಾಡಿ ಹೆಡ್ ಬಿಸಿಯಿರುವಾಗಲೇ ತಿರುಗಿಸುತ್ತಾರೆ. ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ.

ಇನ್ನು ಗ್ಯಾಸ್ಕೆಟ್, ಅಂದರೆ ಪೈಪ್‌ಗೂ ಹೆಡ್‌ಗೂ ನಡುವೆ ಕೂತು ಸಂದು ಮುಚ್ಚುವ ರಿಂಗ್. ಬೆಲೆ ಒಂದು ಬೆಣ್ಣೆ ದೋಸೆಗಿಂತ ಕಡಿಮೆ. ಒಮ್ಮೆ ಅಮುಕಿದ ಮೇಲೆ ಅದು ಮತ್ತೆ ಸರಿಯಾಗಿ ಕೂರುವುದಿಲ್ಲ, ಹೊಸದೇ ಬೇಕು. ಹಳೇ ರಿಂಗ್ ಮಸಿ ಹಿಡಿದು ಹೆಡ್‌ನದೇ ಭಾಗದಂತೆ ಕಾಣುತ್ತದೆ. ಎಷ್ಟೋ ಜನ ಅದರ ಮೇಲೇ ಹೊಸದನ್ನು ಕೂರಿಸಿಬಿಡುತ್ತಾರೆ. ಟಾರ್ಚ್ ಬಿಟ್ಟು ನೋಡಿ, ಸಣ್ಣ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎಬ್ಬಿಸಿ. ಹೊಸ ರಿಂಗ್ ಕೆಳಗೆ ಬೀಳದಂತೆ ನಾನು ಸ್ವಲ್ಪ ಗ್ರೀಸ್ ಮೆತ್ತಿದೆ. ಮೊದಲ ಬಿಸಿಗೆ ಅದು ಸುಟ್ಟು ಹೊಗೆ ಬರುತ್ತದೆ, ಗಾಬರಿ ಬೇಡ.

ಜೋಡಿಸುವಾಗ ಮುಂದಿನ ನಟ್‌ಗಳನ್ನೂ ಹಿಂದಿನ ಬೋಲ್ಟನ್ನೂ ಕೈಯಲ್ಲೇ ಸಡಿಲವಾಗಿ ಹಾಕಿ. ಆಮೇಲೆ ಮುಂದಿನ ಎರಡನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ, ಪೈಪ್ ತುದಿಯನ್ನು ಹೆಡ್‌ಗೆ ಒತ್ತಿ ಹಿಡಿಯುವ ಕಾಲರ್ ಎರಡೂ ಕಡೆ ಸಮನಾಗಿ ಕೂರುವಂತೆ ಬಿಗಿ ಮಾಡಿ. ಕೊನೆಗೆ ಹಿಂದಿನದು. ಹಿಂದಿನದನ್ನೇ ಮೊದಲು ಬಿಗಿದರೆ ಪೈಪ್ ಎಳೆದುಕೊಂಡು ಗ್ಯಾಸ್ಕೆಟ್ ಓರೆಯಾಗುತ್ತದೆ. ಥ್ರೆಡ್‌ಗೆ ಕಾಪರ್ ಗ್ರೀಸ್ ಹಚ್ಚಿದ್ದೇನೆ, ಹಿಂದಿನ ಬ್ರಾಕೆಟ್‌ಗೆ ಅಗಲ ವಾಷರ್ ಹಾಕಿದ್ದೇನೆ. ಒಂದು ಸುತ್ತು ಓಡಿಸಿ, ಮರುದಿನ ತಣ್ಣಗಿರುವಾಗ ಮತ್ತೆ ಸ್ಪ್ಯಾನರ್ ಇಟ್ಟು ನೋಡಿದಾಗ ನಟ್ ಎರಡೂ ಚೂರು ತಿರುಗಿದವು. ಹೊಸ ಗ್ಯಾಸ್ಕೆಟ್ ಕೂರುವಾಗ ಹಾಗೆ ಆಗುತ್ತದೆ.

ಸೈಲೆನ್ಸರ್ ಕೆಳಗೆ ಒಂದು ಸಣ್ಣ ತೂತು ಕಂಡರೆ ವೆಲ್ಡಿಂಗ್‌ಗೆ ಓಡಬೇಡಿ. ಅಂಚು ನೀಟಾಗಿ ದುಂಡಗಿದ್ದರೆ ಅದು ಕಂಪನಿಯವರೇ ನೀರು ಇಳಿಯಲು ಬಿಟ್ಟದ್ದು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಮನೆಯಿಂದ ಮಂಡಿಪೇಟೆಗೆ ಹೋಗಿಬರುವಷ್ಟು ಸಣ್ಣ ಓಡಾಟದಲ್ಲಿ ಸೈಲೆನ್ಸರ್ ಸರಿಯಾಗಿ ಕಾಯುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ. ಆ ತೂತು ಮುಚ್ಚಿದರೆ ಒಳಗಿನಿಂದ ತುಕ್ಕು ಶುರು. ಅಂಚು ಹರಿದಂತಿದ್ದು, ಸುತ್ತ ಬೆರಳಲ್ಲಿ ಒತ್ತಿದರೆ ತಗಡು ಒಳಗೆ ಹೋಗುವಂತಿದ್ದರೆ ಅದು ತುಕ್ಕಿನ ತೂತು. ಅಂಥ ತಗಡಿಗೆ ವೆಲ್ಡಿಂಗ್ ಕೂಡ ನಿಲ್ಲುವುದಿಲ್ಲ, ಹೊಸ ಸೈಲೆನ್ಸರ್ ತಂದುಬಿಡಿ.