ಖಂಜಿರ ಕಲಿಕೆಯಲ್ಲಿ ಎಡಗೈಯ ಪಾತ್ರ: ನನ್ನ ಅನುಭವ

ಕರ್ನಾಟಕ ಸಂಗೀತ ಕಚೇರಿಗಳಲ್ಲಿ ಬಳಸುವ ಪುಟ್ಟ ಚರ್ಮವಾದ್ಯವಾದ ಖಂಜಿರವನ್ನು ನುಡಿಸುವುದನ್ನು ಎದುರಿಗೆ ಕುಳಿತು ನೋಡುವವರಿಗೆ ಕೆಲಸವೆಲ್ಲ ಬಲಗೈಯದೇ, ಎಡಗೈ ವಾದ್ಯವನ್ನು ಹಿಡಿದುಕೊಂಡಿದೆ ಅಷ್ಟೇ ಎಂದು ಕಾಣುತ್ತದೆ. ವರ್ಷಗಳ ಅಭ್ಯಾಸದ ನಂತರ ನನಗೆ ಮನದಟ್ಟಾಗಿರುವುದು ಬೇರೆ. ಬಲಗೈ ತಾಳದ ಲೆಕ್ಕವನ್ನು ನೋಡಿಕೊಳ್ಳುತ್ತದೆ, ನಾದದ ಹೊಣೆ ಎಡಗೈಯದು.

ವಾದ್ಯದ ರಚನೆ ಬಹಳ ಸರಳ. ಹಲಸಿನ ಮರದ ದುಂಡನೆಯ ಕಟ್ಟು, ಸುಮಾರು 7ರಿಂದ 9 ಅಂಗುಲ ವ್ಯಾಸ, ಒಂದು ಬದಿಗೆ ಬಿಗಿದು ಅಂಟಿಸಿದ ಚರ್ಮ, ಕಟ್ಟಿನಲ್ಲಿ ಕೊರೆದ ಒಂದು ಸೀಳು, ಅದರೊಳಗೆ ಸಡಿಲವಾಗಿ ಪೋಣಿಸಿದ ಎರಡು ಮೂರು ಲೋಹದ ಬಿಲ್ಲೆಗಳು. ಹಿಂದಿನಿಂದ ಬಂದ ರೂಢಿಯಲ್ಲಿ ಇದಕ್ಕೆ ಬಳಸುತ್ತಿದ್ದುದು ಉಡದ ಚರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡಕ್ಕೆ ರಕ್ಷಣೆ ನೀಡಿರುವುದರಿಂದ ಅದನ್ನು ಕೊಲ್ಲುವುದೂ ಅದರ ಚರ್ಮವನ್ನು ಮಾರುವುದೂ ಅಪರಾಧ. ನಾನು ನುಡಿಸುವುದು ಮೇಕೆ ಚರ್ಮದ ಖಂಜಿರ. ಇದು ಕೊಂಚ ದಪ್ಪವೆನಿಸಿದರೂ ಹದ ಬಂದ ಮೇಲೆ ತುಂಬು ನಾದ ಕೊಡುತ್ತದೆ. ಒಂದು ಪ್ರಾಣಿಯ ಸಂತತಿಗೆ ಕುತ್ತು ತಂದು ಸಂಗೀತ ಮಾಡಬೇಕಾದ ಅಗತ್ಯ ಖಂಡಿತ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೃದಂಗದಂತೆ ಖಂಜಿರವನ್ನು ಗಾಯಕರ ಶ್ರುತಿಗೆ ಕೂಡಿಸುವ ವ್ಯವಸ್ಥೆ ಇಲ್ಲ. ನೀರೇ ಇದರ ಶ್ರುತಿಸಾಧನ. ಒಣ ಚರ್ಮ ಬಿಗಿಯಾಗಿ ಮೇಲಿನ ಸ್ವರದಲ್ಲಿ ಮೊನಚಾಗಿ ಕೂಗುತ್ತದೆ. ಬೆರಳುಗಳನ್ನು ನೀರಿನಲ್ಲಿ ಅದ್ದಿ, ತೊಟ್ಟಿಕ್ಕುವ ನೀರನ್ನು ಕೊಡವಿ, ಚರ್ಮದ ಒಳಮೈಯ ನಡುಭಾಗಕ್ಕೆ ಸವರಿ, ಕೆಲವು ನಿಮಿಷ ಸುಮ್ಮನೆ ಬಿಡುತ್ತೇನೆ. ಆಮೇಲೆ ತೋರುಬೆರಳಿನಿಂದ ಮೆಲ್ಲನೆ ತಟ್ಟಿ, ಆ ಗುಂಯ್‌ಗಾರ ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳುತ್ತೇನೆ. ನೀರು ಕಡಿಮೆಯಾದರೆ ಮಂದ್ರ, ಅಂದರೆ ತಗ್ಗಿನ ನಾದ, ಹುಟ್ಟುವುದೇ ಇಲ್ಲ, ಹೆಚ್ಚಾದರೆ ಚರ್ಮ ಜೋತುಬಿದ್ದು ಶಬ್ದ ಮಂಕಾಗುತ್ತದೆ. ವೇದಿಕೆಯ ದೀಪಗಳ ಬಿಸಿಗೆ ಚರ್ಮ ಬೇಗ ಒಣಗುವುದರಿಂದ ಎರಡು ಕೃತಿಗಳ ನಡುವಿನ ಬಿಡುವಿನಲ್ಲಿ ಮತ್ತೆ ನೀರು ಸವರಬೇಕಾಗುತ್ತದೆ. ಹಾಗಾಗಿ ಸಣ್ಣದೊಂದು ನೀರಿನ ಬಟ್ಟಲು ಯಾವಾಗಲೂ ನನ್ನ ಪಕ್ಕದಲ್ಲಿರುತ್ತದೆ.

ಹದ ಬಂದ ಚರ್ಮವನ್ನು ಹಾಡಿಸುವುದು ಎಡಗೈ. ಅದರ ಬೆರಳ ತುದಿಗಳಿಂದ ಅಂಚಿನ ಸಮೀಪ ಚರ್ಮವನ್ನು ಒತ್ತಿದರೆ ಬಿಗಿ ಹೆಚ್ಚಿ ಸ್ವರ ಏರುತ್ತದೆ, ಒತ್ತಡ ಸಡಿಲಿಸಿದರೆ ಇಳಿಯುತ್ತದೆ. ಬಲಗೈ ಒಂದೇ ಪೆಟ್ಟು ಕೊಟ್ಟಿರುವಾಗ ಆ ನಾದ ಆರಿಹೋಗುವ ಮುನ್ನ ಎಡಗೈ ಅದನ್ನು ಮೇಲಕ್ಕೋ ಕೆಳಕ್ಕೋ ಜಾರಿಸಬಲ್ಲದು. ಗುಮ್ಕಿ ಎಂದು ಕರೆಯುವ, ಜಾರುವ ಮಂದ್ರ ನಾದ ಹುಟ್ಟುವುದು ಹೀಗೆ. ಇದಕ್ಕಾಗಿ ನಾನು ಪ್ರತಿದಿನ ಅಭ್ಯಾಸದ ಮೊದಲ ಭಾಗವನ್ನು ಯಾವ ಸೊಲ್ಲೂ (ಬಾಯಲ್ಲಿ ಹೇಳಿ ಕೈಯಲ್ಲಿ ನುಡಿಸುವ ಲಯದ ಅಕ್ಷರಗಳು) ಇಲ್ಲದೆ ಕಳೆಯುತ್ತೇನೆ: ಒಂದು ಪೆಟ್ಟು, ಒಂದು ಒತ್ತು, ಪೂರ್ತಿ ನಿಶ್ಶಬ್ದವಾಗುವವರೆಗೆ ಕೇಳುವುದು, ಮತ್ತೆ ಒಂದು ಪೆಟ್ಟು. ಹಿಡಿತ ಬಿಗಿಯಾಗಿದ್ದರೆ ಇದು ಸಾಧ್ಯವಾಗುವುದಿಲ್ಲ. ವಾದ್ಯ ಬೀಳದಿರುವಷ್ಟು ಮಾತ್ರ ಹಿಡಿದು, ಮಣಿಕಟ್ಟನ್ನು ಸಡಿಲವಾಗಿಟ್ಟರೆ ಪೆಟ್ಟು ಬೀಳುವ ಕ್ಷಣಕ್ಕೆ ಖಂಜಿರವೇ ಬಲಗೈಯತ್ತ ತುಸು ಬಾಗಿ ಬರುತ್ತದೆ, ಬಿಲ್ಲೆಗಳೂ ಅದಕ್ಕೆ ತಕ್ಕಂತೆ ಹಿತವಾಗಿ ನುಡಿಯುತ್ತವೆ.

ಬಲಗೈಯ ಪಾಠ ಬಹುಮಟ್ಟಿಗೆ ಮೃದಂಗದ ಪಾಠವೇ. 19ನೇ ಶತಮಾನದ ಕೊನೆಯ ಭಾಗದಲ್ಲಿ ತಮಿಳುನಾಡಿನ ಪುದುಕ್ಕೋಟೆಯ ಮಾನ್‌ಪೂಂಡಿಯಾ ಪಿಳ್ಳೆಯವರು ಖಂಜಿರವನ್ನು ಕಚೇರಿಯ ವಾದ್ಯವಾಗಿ ರೂಪಿಸಿದ ಮೇಲೆ ಎರಡು ಕೈಗಳ ಸೊಲ್ಲುಗಳನ್ನು ಒಂದೇ ಕೈಗೆ ಇಳಿಸುವ ಕೆಲಸ ತಲೆಮಾರುಗಳ ಕಾಲ ನಡೆಯಿತು. ಖಂಜಿರ ವಾದಕ ಜಿ. ಹರಿಶಂಕರ್ (1958–2002) ಅವರ ಧ್ವನಿಮುದ್ರಣಗಳನ್ನು ಕೇಳಿದರೆ ಆ ಒಂದು ಕೈಯಿಂದ ಎಷ್ಟು ಸ್ಪಷ್ಟತೆ ಸಾಧ್ಯ ಎಂಬುದು ತಿಳಿಯುತ್ತದೆ. ನಾನು ಯಾವ ಪಾಠವನ್ನೂ ತಾಳ ಹಾಕಿಕೊಂಡು ಬಾಯಲ್ಲಿ ಹೇಳಿ ಗಟ್ಟಿಮಾಡಿಕೊಳ್ಳದೆ ಕೈಗೆ ತೆಗೆದುಕೊಳ್ಳುವುದಿಲ್ಲ. ತಕಿಟ, ತಕಧಿಮಿ, ತದಿಗಿಣತೊಂ ಮೂರೂ ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ನಾಲಿಗೆಯ ಮೇಲೆ ನಿಂತ ನಂತರವೇ ಚರ್ಮದ ಮೇಲೆ ಬರುತ್ತವೆ. ವೇಗದ ನಡೆಗೆ ಬೆರಳುಗಳು ಮತ್ತು ಅಂಗೈಯ ಬುಡ ಒಂದಾದ ಮೇಲೊಂದರಂತೆ ತಾಗುವ ತೂಗಾಟವನ್ನು ತೀರ ನಿಧಾನದಲ್ಲಿ ಸಾಧಿಸಬೇಕು; ಎರಡೂ ಪೆಟ್ಟುಗಳ ತೂಕ ಸಮನಾಗುವವರೆಗೆ ನಾನು ಕಾಲ ಏರಿಸುವುದಿಲ್ಲ.

ಕಚೇರಿಯಲ್ಲಿ ಖಂಜಿರ ಉಪಪಕ್ಕವಾದ್ಯ, ಅಂದರೆ ಮೃದಂಗಕ್ಕೆ ಜೊತೆಯಾಗಿ ನುಡಿಯುವ ವಾದ್ಯ. ಮೃದಂಗ ಏನು ನುಡಿಸುತ್ತಿದೆ ಎಂದು ಕೇಳಿಸಿಕೊಂಡು, ಅದರ ಎಡಭಾಗದ ಮಂದ್ರ ಎಲ್ಲಿ ಬೀಳುತ್ತದೋ ಅಲ್ಲಿಗೆ ನನ್ನ ಗುಮ್ಕಿಯನ್ನು ಹೊಂದಿಸುತ್ತೇನೆ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದಲ್ಲಿ ಇಬ್ಬರ ಸರದಿಯ ಅವಧಿ ಹಂತಹಂತವಾಗಿ ಕಿರಿದಾಗುತ್ತ ಬರುವಾಗ ಈ ಹೊಂದಾಣಿಕೆಗೆ ನಿಜವಾದ ಪರೀಕ್ಷೆ. ಮೃದಂಗದವರ ಲೆಕ್ಕವನ್ನು ಮರಳಿ ಒಪ್ಪಿಸಿದರೆ ಸಾಲದು, ಅವರು ಕೊಟ್ಟ ಏರಿಳಿತವೂ ಖಂಜಿರದಲ್ಲಿ ಕೇಳಬೇಕು. ನಿಧಾನಗತಿಯ ಕೃತಿಗಳಲ್ಲಿ ನಾನು ಹೆಚ್ಚಾಗಿ ಎರಡನೆಯ ಭಾಗವಾದ ಅನುಪಲ್ಲವಿಯವರೆಗೆ ನುಡಿಸದೆ ಕಾಯುತ್ತೇನೆ, ಆ ಬಿಡುವಿನಲ್ಲಿ ಎಡಗೈ ಬೆರಳುಗಳಿಂದ ಚರ್ಮದ ಹದವನ್ನು ಮತ್ತೊಮ್ಮೆ ಒತ್ತಿ ನೋಡಿಕೊಳ್ಳುತ್ತೇನೆ.